ಗೌರವ ಮತ್ತು ಹಕ್ಕು: ಯೂರೋಪಿನ ಪ್ರತಿಗಾಮಿ ಅಲೆಯ ಮುಂದೆ ಒಂದು ವಿಚಾರ

ಬೆಳಗಾವಿಯಲ್ಲಿ ಬೆಳೆದು, ದಂತವೈದ್ಯೆಯಾಗಿ ಐರ್ಲೆಂಡಿಗೆ ಹೋಗಿ ನೆಲೆಸಿದ ಸವಿತಾ ಹಾಲಪ್ಪನವರ ಅವರ ಹೆಸರನ್ನು ನಾವು ಗಡಿಭಾಗದ ಕನ್ನಡಿಗರು ಮರೆತಿರಲಾರೆವು. 2012ರ ಅಕ್ಟೋಬರ್ 28ರಂದು, ಮೂವತ್ತೊಂದನೆಯ ವಯಸ್ಸಿನಲ್ಲಿ, ಗಾಲ್ವೇ ನಗರದ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹದಿನೇಳು ವಾರಗಳ ಬಸಿರು ಉಳಿಯುವುದಿಲ್ಲವೆಂಬುದು ಸ್ಪಷ್ಟವಾಗಿತ್ತು. ಗರ್ಭಪಾತ ಮಾಡಿರೆಂದು ದಂಪತಿಗಳು ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವವರೆಗೆ ಆ ದೇಶದ ಕಾನೂನು ಅದಕ್ಕೆ ಆಸ್ಪದ ಕೊಡುವುದಿಲ್ಲವೆಂಬ ಉತ್ತರ ದೊರೆಯಿತು. ಬಡಿತ ನಿಲ್ಲುವ ಹೊತ್ತಿಗೆ ನಂಜು ತಾಯಿಯ ರಕ್ತಕ್ಕೇರಿತ್ತು. 1983ರಲ್ಲಿ ಐರಿಶ್ ಸಂವಿಧಾನಕ್ಕೆ ಸೇರಿಸಲಾದ ಎಂಟನೆಯ ತಿದ್ದುಪಡಿ ತಾಯಿಯ ಜೀವವನ್ನೂ ಹುಟ್ಟದ ಶಿಶುವಿನ ಜೀವವನ್ನೂ ಒಂದೇ ತಕ್ಕಡಿಯಲ್ಲಿಟ್ಟಿತ್ತು. ಆ ತಿದ್ದುಪಡಿಯನ್ನು 2018ರ ಮೇ 25ರ ಜನಮತಗಣನೆಯಲ್ಲಿ ನೂರಕ್ಕೆ ಅರವತ್ತಾರಕ್ಕೂ ಹೆಚ್ಚು ಮಂದಿ ತೆಗೆದುಹಾಕಿದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬಿಡಿಸಿದ್ದ ಸವಿತಾ ಅವರ ಚಿತ್ರದ ಸುತ್ತ, ಅವರನ್ನು ಕಂಡೂ ಅರಿಯದ ಜನ ಬಂದು ಕ್ಷಮೆ ಕೋರುವ ಚೀಟಿಗಳನ್ನು ಅಂಟಿಸಿದರು.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಚರಿತ್ರೆಯೆಂಬುದು ನಿಧಾನವಾಗಿಯಾದರೂ ಮುಂದಕ್ಕೇ ಸಾಗುತ್ತದೆಂಬ ಸಮಾಧಾನ ನಮಗೆ ದೊರೆಯುತ್ತದೆ. ಆದರೆ ಐರ್ಲೆಂಡಿನಷ್ಟೇ ಕ್ಯಾಥೊಲಿಕ್ ದೇಶವಾದ ಪೋಲೆಂಡ್ ಅದೇ ವರ್ಷಗಳಲ್ಲಿ ವಿರುದ್ಧ ದಿಕ್ಕಿಗೆ ಹೆಜ್ಜೆಯಿಟ್ಟಿತು. ಅಲ್ಲಿ 1956ರಿಂದ ಗರ್ಭಪಾತಕ್ಕೆ ಉದಾರವಾದ ಅವಕಾಶವಿತ್ತು. 1993ರಲ್ಲಿ ಅದನ್ನು ಮೂರು ಕಾರಣಗಳಿಗೆ ಮಿತಗೊಳಿಸಲಾಯಿತು. 2020ರ ಅಕ್ಟೋಬರ್ 22ರಂದು ಸಾಂವಿಧಾನಿಕ ನ್ಯಾಯಮಂಡಳಿಯು ಆ ಮೂರರಲ್ಲಿ ಒಂದಾದ, ಭ್ರೂಣದ ತೀವ್ರ ದೋಷವೆಂಬ ಕಾರಣವನ್ನೂ ಅಳಿಸಿಹಾಕಿತು. ಕಾನೂನುಬದ್ಧವಾಗಿ ನಡೆಯುತ್ತಿದ್ದ ಗರ್ಭಪಾತಗಳಲ್ಲಿ ಬಹುಪಾಲು ಆ ಕಾರಣಕ್ಕಾಗಿಯೇ ನಡೆಯುತ್ತಿದ್ದವು. ಮರುವರ್ಷ ಪ್ಶಿನಾ ಎಂಬ ಊರಿನಲ್ಲಿ ಮೂವತ್ತು ವರ್ಷದ ಗರ್ಭಿಣಿಯೊಬ್ಬಳು, ಸವಿತಾ ಅವರಂತೆಯೇ, ಎದೆಬಡಿತ ನಿಲ್ಲುವುದಕ್ಕಾಗಿ ಕಾದ ಆಸ್ಪತ್ರೆಯಲ್ಲಿ ನಂಜಿನಿಂದ ಸತ್ತಳು.

ಪೋಲೆಂಡ್ ಒಂದೇ ಅಲ್ಲ. ಹೆಣ್ಣಿನ ಮೇಲಿನ ಹಿಂಸೆಯನ್ನು ತಡೆಯಲು ಯೂರೋಪ್ ಮಂಡಳಿ ರೂಪಿಸಿದ ಒಡಂಬಡಿಕೆಗೆ 2011ರ ಮೇ 11ರಂದು ಇಸ್ತಾಂಬುಲ್ ನಗರದಲ್ಲಿ ಸಹಿ ಬಿತ್ತು. ಅದನ್ನು ಮೊದಲು ಸ್ಥಿರೀಕರಿಸಿದ ದೇಶ ಟರ್ಕಿ. 2021ರಲ್ಲಿ ಅಧ್ಯಕ್ಷರ ಒಂದು ಆಜ್ಞೆಯಿಂದ ಅದರಿಂದ ಹೊರಬಿದ್ದ ದೇಶವೂ ಟರ್ಕಿಯೇ. ಹಂಗೇರಿಯ ಸಂಸತ್ತು 2020ರಲ್ಲಿ ಈ ಒಡಂಬಡಿಕೆಯನ್ನು ಸ್ಥಿರೀಕರಿಸುವುದಿಲ್ಲವೆಂದು ಘೋಷಿಸಿತು. ರಷ್ಯಾ 2017ರಲ್ಲಿ, ಮನೆಯೊಳಗಿನ ಹೊಡೆತ ಮೊದಲ ಬಾರಿಯದಾಗಿದ್ದು ಗಂಭೀರ ಗಾಯ ಮಾಡಿರದಿದ್ದರೆ ಅದು ಅಪರಾಧವಲ್ಲ, ದಂಡ ತೆತ್ತು ಮುಗಿಸಬಹುದಾದ ತಪ್ಪು ಎಂದು ಕಾನೂನನ್ನೇ ಸಡಿಲಿಸಿತು.

ಇವರಲ್ಲಿ ಯಾರೂ ಹೆಣ್ಣು ಕೀಳೆಂದು ಹೇಳುವುದಿಲ್ಲವೆಂಬುದನ್ನು ನಾವು ಮೊದಲು ಗಮನಿಸಬೇಕು. ನೂರು ವರ್ಷಗಳ ಹಿಂದೆ ಹಾಗೆ ಹೇಳಬಹುದಾಗಿತ್ತು. ಹೆಣ್ಣಿನ ಮೆದುಳು ಹಗುರ, ಮತದಾನ ಅವಳ ಶಕ್ತಿಗೆ ಮೀರಿದ್ದು ಎಂದು ಪಂಡಿತರೇ ಬರೆಯುತ್ತಿದ್ದರು. ಇಂದಿನ ಪ್ರತಿಗಾಮಿ ವಾದದ ಭಾಷೆ ಬೇರೆ. ಅದು ಹೆಣ್ಣನ್ನು ಹೊಗಳುತ್ತದೆ. ತಾಯಿ, ಮನೆಯ ಬೆಳಕು, ಜನಾಂಗದ ಬೇರು, ಪರಂಪರೆಯ ಕಾವಲುಗಾರ್ತಿ ಎಂದು ಅವಳನ್ನು ಎತ್ತರದ ಪೀಠದ ಮೇಲೆ ಕೂರಿಸುತ್ತದೆ. ಸ್ತ್ರೀವಾದವು ಈ ಪೀಠದಿಂದ ಅವಳನ್ನು ಕೆಳಗಿಳಿಸಲು ಬಂದ ಪರಕೀಯ ವಿಚಾರವೆಂದು ದೂರುತ್ತದೆ. ಆದುದರಿಂದ ನಮ್ಮ ಮುಂದಿರುವ ಪ್ರಶ್ನೆ ಹೆಣ್ಣಿಗೆ ಗೌರವ ಸಲ್ಲಬೇಕೆ ಬೇಡವೆ ಎಂಬುದಲ್ಲ. ಗೌರವವಿದ್ದ ಮೇಲೆ ಹಕ್ಕು ಏಕೆ ಬೇಕು ಎಂಬುದು.

ಈ ಪ್ರಶ್ನೆಗೆ ಪೋಲೆಂಡಿನ ಚರಿತ್ರೆಯಲ್ಲಿ ಆಳವಾದ ಬೇರುಗಳಿವೆ. 1795ರಲ್ಲಿ ಆ ದೇಶ ಭೂಪಟದಿಂದಲೇ ಅಳಿದುಹೋಯಿತು. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಅದನ್ನು ಹಂಚಿಕೊಂಡವು. 1918ರವರೆಗೆ, ನೂರ ಇಪ್ಪತ್ತಮೂರು ವರ್ಷಗಳ ಕಾಲ, ಪೋಲಿಷ್ ಜನರಿಗೆ ರಾಜ್ಯವಿರಲಿಲ್ಲ. ಪ್ರಷ್ಯಾದ ಭಾಗದಲ್ಲಿ ಶಾಲೆಯ ಮಾತು ಜರ್ಮನ್ ಆಯಿತು. ರಷ್ಯಾದ ಭಾಗದಲ್ಲಿ ರಷ್ಯನ್. 1901ರಲ್ಲಿ ವ್ಝೆಶ್ನ್ಯಾ ಎಂಬ ಪಟ್ಟಣದ ಮಕ್ಕಳು ಧರ್ಮಪಾಠವನ್ನು ಜರ್ಮನ್ ಭಾಷೆಯಲ್ಲಿ ಒಪ್ಪಿಸಲು ನಿರಾಕರಿಸಿ ಬೆತ್ತದ ಏಟು ತಿಂದರು; ಪ್ರತಿಭಟಿಸಿದ ಹಿರಿಯರು ಸೆರೆಮನೆ ಸೇರಿದರು, ಅವರಲ್ಲಿ ತಾಯಂದಿರೂ ಇದ್ದರು. ಅಂಥ ಕಾಲದಲ್ಲಿ ಭಾಷೆ ಉಳಿದದ್ದು ಮನೆಯಲ್ಲಿ. ಮಗುವಿಗೆ ಪೋಲಿಷ್ ಅಕ್ಷರವನ್ನು ಗುಟ್ಟಾಗಿ ಕಲಿಸಿದವಳು, ಪ್ರಾರ್ಥನೆಯನ್ನೂ ಹಾಡನ್ನೂ ಬಾಯಿಂದ ಬಾಯಿಗೆ ದಾಟಿಸಿದವಳು ತಾಯಿ. ಅವಳಿಗೆ ‘ಮಾತ್ಕಾ ಪೋಲ್ಕಾ’, ಎಂದರೆ ಪೋಲಿಷ್ ತಾಯಿ, ಎಂಬ ಬಿರುದು ನಿಂತಿತು. ಗಂಡಸು ದಂಗೆಯೆದ್ದು ಸಾಯುತ್ತಾನೆ, ಅವಳು ಮನೆಯಲ್ಲಿ ದೇಶವನ್ನು ಕಾಯುತ್ತಾಳೆ.

ಇದನ್ನು ಓದುವಾಗ ನಮಗೆ ಯಾವುದೋ ದೂರದೇಶದ ಸಂಗತಿಯೆನಿಸುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಕನ್ನಡ ಉಳಿದಿರುವ ಬಗೆ ನಮಗೆ ತಿಳಿದೇ ಇದೆ. ಕಚೇರಿಯ ಮಾತು ಮರಾಠಿ, ಪೇಟೆಯ ಮಾತು ಮರಾಠಿ, ಹಲವು ಮನೆಗಳ ಮಕ್ಕಳ ಶಾಲೆಯ ಮಾತೂ ಮರಾಠಿ, ಈಗೀಗ ಇಂಗ್ಲಿಷ್. ಅಡುಗೆಮನೆಯ ಮಾತು ಮಾತ್ರ ಕನ್ನಡ. ಬೀಸುವ ಕಲ್ಲಿನ ಪದ, ಜೋಗುಳ, ಸೋಬಾನೆ, ಬೈಗುಳ ಕೂಡ, ಹೆಂಗಸರ ನಾಲಿಗೆಯ ಮೇಲೆ ಉಳಿದುಬಂದವು. ಗಡಿನಾಡಿನ ಯಾವ ಸಮ್ಮೇಳನವೇ ಆಗಲಿ, ಕನ್ನಡವನ್ನು ಉಳಿಸಿದವರು ನಮ್ಮ ತಾಯಂದಿರು ಎಂಬ ಮಾತಿಗೆ ಚಪ್ಪಾಳೆ ಬೀಳದೆ ಇರುವುದಿಲ್ಲ. ಆ ಮಾತು ನಿಜ. ಚಪ್ಪಾಳೆಯೂ ಪ್ರಾಮಾಣಿಕವಾದದ್ದು. ನಮ್ಮ ಮಹಿಳಾ ಗೋಷ್ಠಿಯನ್ನು ಊಟದ ನಂತರದ ತೂಕಡಿಕೆಯ ಹೊತ್ತಿಗೆ ಇಡುವ ಪದ್ಧತಿಯೂ ಅಷ್ಟೇ ಪ್ರಾಮಾಣಿಕವಾದದ್ದು.

ಪೋಲಿಷ್ ತಾಯಿಯ ಗೌರವದಲ್ಲಿ ಒಂದು ಲೆಕ್ಕ ಅಡಗಿತ್ತು. ಯಾವುದನ್ನು ಅವಳು ಪ್ರೀತಿಯಿಂದ ಮಾಡಿದಳೋ ಅದನ್ನು ಮುಂದಿನ ತಲೆಮಾರು ಅವಳ ಕರ್ತವ್ಯವೆಂದು ಬರೆದುಕೊಂಡಿತು. ದೇಶ ಉಳಿದದ್ದು ಅವಳ ಒಡಲಿನಿಂದ ಮತ್ತು ಒಲೆಯಿಂದ ಎಂದ ಮೇಲೆ, ಒಡಲು ಮತ್ತು ಒಲೆ ದೇಶದ ಆಸ್ತಿ. ಅವಳು ಬೇರೆ ದಾರಿ ಹಿಡಿದರೆ ಅದು ಒಬ್ಬ ಹೆಣ್ಣುಮಗಳ ಆಯ್ಕೆಯಾಗಿ ಉಳಿಯದೆ ಜನಾಂಗದ್ರೋಹವಾಗುತ್ತದೆ. ಗೌರವಕ್ಕೂ ಹಕ್ಕಿಗೂ ಇರುವ ವ್ಯತ್ಯಾಸವನ್ನು ನಾವು ಹುಡುಕಬೇಕಾದದ್ದು ಇಲ್ಲಿ. ಗೌರವ ಮತ್ತೊಬ್ಬರ ಕೈಯಲ್ಲಿರುವ ವಸ್ತು. ನಡತೆ ಒಪ್ಪಿತವಾಗಿರುವವರೆಗೆ ಅದು ಸಲ್ಲುತ್ತದೆ, ಒಪ್ಪಿತವಾಗದ ದಿನ ನಿಲ್ಲುತ್ತದೆ. ಹಕ್ಕು ಹಾಗಲ್ಲ. ಒಪ್ಪಿತವಲ್ಲದ್ದನ್ನು ಮಾಡಿದ ದಿನವೂ ಅದು ಜೊತೆಗಿರಬೇಕು. ನಿಜಕ್ಕೂ ಅದು ಬೇಕಾಗುವುದೇ ಆ ದಿನ. ಎಲ್ಲರೂ ಮೆಚ್ಚಿದ್ದನ್ನು ಮಾಡುವವಳಿಗೆ ಹಕ್ಕಿನ ಅಗತ್ಯವೇ ಬೀಳುವುದಿಲ್ಲ.

ಹಂಗೇರಿಯಲ್ಲಿ ಈ ಲೆಕ್ಕ ಬರವಣಿಗೆಯಲ್ಲೇ ಇದೆ. ನಾಲ್ಕು ಮಕ್ಕಳ ತಾಯಿಗೆ 2020ರಿಂದ ಅಲ್ಲಿ ಜೀವಮಾನವಿಡೀ ಆದಾಯ ತೆರಿಗೆಯಿಂದ ವಿನಾಯಿತಿ. ತಾಯಂದಿರಿಗೆ ನೆರವಾಗುವುದು ಒಳ್ಳೆಯ ಕೆಲಸ, ಅದರಲ್ಲಿ ತಕರಾರಿಲ್ಲ. ಆದರೆ ಅದೇ ವರ್ಷ ಅದೇ ಸಂಸತ್ತು, ಏಟು ತಿನ್ನುವ ಹೆಂಡತಿಗೆ ಆಶ್ರಯವೂ ತನಿಖೆಯೂ ಸಿಗಬೇಕೆನ್ನುವ ಒಡಂಬಡಿಕೆಯನ್ನು ತಳ್ಳಿಹಾಕಿತು. ಹೆರುವವಳಿಗೆ ಸನ್ಮಾನವಿದೆ, ದೂರು ಕೊಡುವವಳಿಗೆ ಇಲ್ಲ. ಇಬ್ಬರೂ ಒಬ್ಬಳೇ ಆಗಿರಬಹುದೆಂಬುದು ಲೆಕ್ಕಕ್ಕೆ ಬಂದಂತಿಲ್ಲ.

ಆ ಒಡಂಬಡಿಕೆಯಲ್ಲಿ ಇರುವುದಾದರೂ ಏನು? ಹಿಂಸೆಗೊಳಗಾದವರಿಗೆ ತಂಗುಮನೆ, ಹಗಲಿರುಳು ತೆರೆದಿರುವ ದೂರವಾಣಿ, ದೂರನ್ನು ಅಲಕ್ಷಿಸದ ಪೊಲೀಸ್ ತನಿಖೆ, ಬಲವಂತದ ಮದುವೆಯಂಥ ಕೃತ್ಯಗಳಿಗೆ ಶಿಕ್ಷೆ. ಸಂಸ್ಕೃತಿ, ರೂಢಿ, ಧರ್ಮ, ಸಂಪ್ರದಾಯಗಳಾಗಲಿ, ಮಾನಮರ್ಯಾದೆಯೆಂಬುದಾಗಲಿ ಹಿಂಸೆಗೆ ಸಮರ್ಥನೆಯಾಗಕೂಡದೆಂದು ಅದರ ಹನ್ನೆರಡನೆಯ ವಿಧಿ ಹೇಳುತ್ತದೆ. ಇಂಥ ದಾಖಲೆಯನ್ನು ನೇರವಾಗಿ ವಿರೋಧಿಸುವುದು ಕಷ್ಟ. ಆದುದರಿಂದ ವಿರೋಧವು ಅದರ ಒಂದೇ ಒಂದು ಶಬ್ದವನ್ನು ಹಿಡಿದುಕೊಂಡಿತು: ಜೆಂಡರ್. ಹೆಣ್ಣು ಹೀಗಿರಬೇಕು, ಗಂಡು ಹೀಗಿರಬೇಕು ಎಂದು ಸಮಾಜ ಕಟ್ಟಿಕೊಟ್ಟ ಪಾತ್ರಗಳಿಗೆ ಆ ಒಡಂಬಡಿಕೆ ಬಳಸಿದ ಪದ ಅದು. ಬಲ್ಗೇರಿಯನ್ ಭಾಷೆಯಲ್ಲಿ ದೇಹದ ಗಂಡುಹೆಣ್ಣುತನಕ್ಕೆ ‘ಪೋಲ್’ ಎಂಬ ಒಂದೇ ಪದವಿದೆ. ಅನುವಾದದಲ್ಲಿ ಅದಕ್ಕೆ ‘ಸಾಮಾಜಿಕ’ ಎಂಬ ವಿಶೇಷಣ ಅಂಟಿಸಿದ ಕೂಡಲೆ, ಮೂರನೆಯದೊಂದು ಲಿಂಗವನ್ನು ಕಾನೂನಿನೊಳಗೆ ತರುವ ಸಂಚಿದು ಎಂಬ ಪ್ರಚಾರ ಹಬ್ಬಿತು. 2018ರ ಜುಲೈಯಲ್ಲಿ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯ ಒಡಂಬಡಿಕೆಯನ್ನು ಸಂವಿಧಾನಬಾಹಿರವೆಂದು ಸಾರಿತು. ‘ಜೆಂಡರ್’ ಎಂಬುದು ಆ ಭಾಷೆಯಲ್ಲಿ ಈಗ ಬೈಗುಳ. ಅನುವಾದಕರ ಕಷ್ಟ ಬಲ್ಲ ನಮ್ಮಂಥ ದ್ವಿಭಾಷಿಗಳಿಗೆ ಇದು ವಿಚಿತ್ರವಾಗಿ ತೋರದು. ನಮ್ಮಲ್ಲಿಯೂ ‘ಲಿಂಗ’ ಎಂಬ ಒಂದೇ ಶಬ್ದ ದೇಹ, ವ್ಯಾಕರಣ, ದೇವರು ಮೂವರನ್ನೂ ಹೊತ್ತುಕೊಂಡು ತಿರುಗುತ್ತಿದೆ, ಮತ್ತು ಅದರಿಂದ ಯಾರ ಸಂಸಾರವೂ ಕೆಟ್ಟಿಲ್ಲ.

ಶಬ್ದದ ಜಗಳದ ಹಿಂದೆ ನಿಜವಾಗಿ ನಿಂತಿರುವುದು ಕುಟುಂಬದ ವಾದ. ಕುಟುಂಬ ಒಂದು ಪವಿತ್ರ ಘಟಕ, ಅದರೊಳಗೆ ಪೊಲೀಸರೂ ನ್ಯಾಯಾಲಯವೂ ಕಾಲಿಟ್ಟರೆ ಅದು ಒಡೆಯುತ್ತದೆ ಎಂಬುದು ಅದರ ತಿರುಳು. ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ಎಲ್ಲ ಸಂಬಂಧವನ್ನೂ ಕರಾರಿನ ಭಾಷೆಯಲ್ಲಿ ಅಳೆದರೆ ಉಳಿಯುವುದು ಬಡ ಬದುಕೆಂಬುದನ್ನು ಒಪ್ಪಬಹುದು. ಆದರೆ ಸ್ಪೇನಿನ ಒಂದು ಘಟನೆ ಈ ವಾದಕ್ಕೆ ಉತ್ತರ ಕೇಳುತ್ತ ನಿಂತಿದೆ. ಗ್ರನಾಡಾ ಪ್ರಾಂತದ ಆನಾ ಒರಾಂತೆಸ್ ಎಂಬ ಅರವತ್ತರ ಮಹಿಳೆ 1997ರ ಡಿಸೆಂಬರ್ 4ರಂದು ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ನಲವತ್ತು ವರ್ಷಗಳ ಕಾಲ ಗಂಡನಿಂದ ತಿಂದ ಏಟುಗಳನ್ನು ವಿವರಿಸಿದಳು. ವಿಚ್ಛೇದನವೇನೋ ಆಗಿತ್ತು. ಆದರೆ ನ್ಯಾಯಾಲಯ ಒಂದೇ ಮನೆಯನ್ನು ಇಬ್ಬರಿಗೂ ಹಂಚಿಕೊಟ್ಟಿತ್ತು, ಕೆಳಗಿನ ಅಂತಸ್ತು ಅವನಿಗೆ, ಮೇಲಿನದು ಅವಳಿಗೆ. ಹದಿಮೂರು ದಿನಗಳ ನಂತರ ಅವನು ಅವಳನ್ನು ಸುಟ್ಟು ಕೊಂದ. ಆ ಸಾವಿನಿಂದ ಬೆಚ್ಚಿದ ದೇಶ 2004ರಲ್ಲಿ ಹೆಣ್ಣಿನ ಮೇಲಿನ ಹಿಂಸೆಯ ವಿರುದ್ಧ ಸಮಗ್ರ ಕಾನೂನು ಮಾಡಿತು. ಸಂಸತ್ತಿನ ಕೆಳಮನೆಯಲ್ಲಿ ಒಂದೂ ವಿರೋಧ ಮತ ಬೀಳಲಿಲ್ಲ.

ಆ ಒಮ್ಮತ ಹದಿನಾಲ್ಕು ವರ್ಷ ಬಾಳಿತು. 2018ರಲ್ಲಿ ಆಂದಾಲೂಸಿಯಾ ಪ್ರಾಂತದ ಶಾಸನಸಭೆಯನ್ನು ಪ್ರವೇಶಿಸಿದ ವೋಕ್ಸ್ ಪಕ್ಷ ಈ ಕಾನೂನೇ ಅನ್ಯಾಯವೆಂದಿತು. ಹಿಂಸೆಗೆ ಲಿಂಗವಿಲ್ಲ, ಗಂಡಸರೂ ಏಟು ತಿನ್ನುತ್ತಾರೆ, ಎಲ್ಲವನ್ನೂ ಕೌಟುಂಬಿಕ ಹಿಂಸೆ ಎಂದು ಕರೆದರೆ ಸಾಕು ಎಂಬುದು ಅದರ ವಾದ. ಇದು ಸಮಾನತೆಯ ಭಾಷೆಯಲ್ಲೇ ಸಮಾನತೆಯನ್ನು ಹಿಂದೆಗೆಯುವ ಉಪಾಯ. ಗಂಡಸಿನ ಮೇಲೆ ಕೈಯೆತ್ತುವುದೂ ಅಪರಾಧವೇ, ಅದಕ್ಕೂ ಕಾನೂನುಂಟು. ಆದರೆ ಒಂದು ರೋಗ ಒಂದು ಕೇರಿಯಲ್ಲೇ ಮತ್ತೆ ಮತ್ತೆ ಕಾಣಿಸಿಕೊಂಡರೆ ಆ ಕೇರಿಯ ಬಾವಿಯನ್ನು ಪರೀಕ್ಷಿಸಬೇಕು. ರೋಗಕ್ಕೆ ಕೇರಿಯಿಲ್ಲ ಎಂದು ಹೇಳಿ ಎದ್ದುಹೋಗುವವನು ವೈದ್ಯನಲ್ಲ. ಗಂಡ ಅಥವಾ ಸಂಗಾತಿಯಿಂದ ಕೊಲೆಯಾದ ಹೆಂಗಸರನ್ನು ಸ್ಪೇನ್ 2003ರಿಂದ ಹೆಸರು ಹಿಡಿದು ಎಣಿಸುತ್ತಿದೆ. 2019ರ ಜೂನಿನಲ್ಲಿ ಆ ಎಣಿಕೆ ಸಾವಿರವನ್ನು ಮುಟ್ಟಿತು. ಹೆಸರಿಡದೆ ಎಣಿಸುವುದು ಸಾಧ್ಯವಿಲ್ಲ, ಎಣಿಸದೆ ತಡೆಯುವುದೂ ಸಾಧ್ಯವಿಲ್ಲ.

ಈ ಅಲೆಗೆ ಇಷ್ಟು ನೀರು ಎಲ್ಲಿಂದ ಬಂತು? ಬರಿಯ ದ್ವೇಷವೆಂದರೆ ಅದು ಸೋಮಾರಿ ಉತ್ತರವಾದೀತು. 1990ರ ನಂತರ ಪೂರ್ವ ಜರ್ಮನಿಯ ಕಾರ್ಖಾನೆಗಳು ಮುಚ್ಚಿದವು. ಓದಿದ ತರುಣಿಯರು ಹೆಚ್ಚಿನ ಸಂಖ್ಯೆಯಲ್ಲಿ ಪಶ್ಚಿಮಕ್ಕೆ ಹೊರಟುಹೋದರು. ಊರಲ್ಲಿ ಉಳಿದ ಗಂಡುಮಕ್ಕಳಿಗೆ ಕೆಲಸವೂ ಇಲ್ಲ, ಸಂಗಾತಿಯೂ ಇಲ್ಲ. ಕಾರ್ಖಾನೆ ಮುಚ್ಚಿದವನು ಕಣ್ಣಿಗೆ ಬೀಳುವುದಿಲ್ಲ, ಊರು ಬಿಟ್ಟು ಹೋದ ಹುಡುಗಿ ಕಣ್ಣಿಗೆ ಬೀಳುತ್ತಾಳೆ. ಅವರ ನೋವು ನಿಜ. ಅದರ ಬೆರಳು ತೋರುವ ದಿಕ್ಕು ತಪ್ಪು. ಸ್ತ್ರೀವಾದವೂ ಇಲ್ಲಿ ಒಂದು ಪ್ರಶ್ನೆಗೆ ಉತ್ತರಿಸಬೇಕಾಗಿದೆ. ಪಶ್ಚಿಮ ಯೂರೋಪಿನ ಮಹಿಳೆ ಕಚೇರಿಗೆ ಹೋದಾಗ ಅವಳ ಮನೆಯ ಮುದುಕರನ್ನು ನೋಡಿಕೊಳ್ಳಲು ಬಂದವಳು ಪೋಲೆಂಡಿನ, ರುಮೇನಿಯದ, ಉಕ್ರೇನಿನ ಬಡ ಹೆಂಗಸು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವಳು ಕೇರಳದ ನರ್ಸು. ಗಂಡಸು ಹೊರದ ಭಾರ ಒಬ್ಬ ಹೆಂಗಸಿನ ಹೆಗಲಿಂದ ಇನ್ನೊಬ್ಬಳ ಹೆಗಲಿಗೆ ಜಾರಿತು, ಅಷ್ಟೇ. ಇದನ್ನು ಆರ್ಥಿಕ ಸ್ವಾತಂತ್ರ್ಯವೆಂದು ಹಾಡಿಹೊಗಳಿದವರ ಮೇಲೆ ಆ ಬಡವರಿಗೆ ನಂಬಿಕೆ ಹುಟ್ಟದಿದ್ದರೆ ಆಶ್ಚರ್ಯವಿಲ್ಲ.

ಜನಸಂಖ್ಯೆ ಇಳಿಯುತ್ತಿದೆಯೆಂಬ ಭಯವೂ ಈ ಅಲೆಯಲ್ಲಿದೆ. ಅದಕ್ಕೆ ಅಂಕಿಯೇ ಉತ್ತರ ಹೇಳುತ್ತದೆ: ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿದ ಪೋಲೆಂಡಿನಲ್ಲಿ 2024ರ ಹೊತ್ತಿಗೆ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳ ಸಂಖ್ಯೆ 1.1ರ ಆಸುಪಾಸಿಗೆ ಕುಸಿದಿತ್ತು. ಹೆದರಿಸಿ ತೊಟ್ಟಿಲು ತೂಗಿಸಲಾಗುವುದಿಲ್ಲ.

ಇನ್ನೊಂದು ಗಂಭೀರ ತೊಡಕಿದೆ. ಹಕ್ಕುಗಳನ್ನು ಸಮಾಜ ಕೊಟ್ಟಿತು, ಕೊಟ್ಟದ್ದನ್ನು ಸಮಾಜ ಬಹುಮತದಿಂದ ಹಿಂತೆಗೆದುಕೊಂಡರೆ ತಪ್ಪೇನು ಎಂದು ಕೇಳುವವರಿದ್ದಾರೆ. ಸ್ವಿಟ್ಜರ್ಲೆಂಡಿನ ಉದಾಹರಣೆ ಅವರ ಪರವಾಗಿರುವಂತೆ ತೋರುತ್ತದೆ. 1959ರಲ್ಲಿ ಅಲ್ಲಿಯ ಗಂಡಸರು ಮತ ಹಾಕಿ, ಹೆಂಗಸರಿಗೆ ಮತದಾನ ಬೇಡವೆಂದು ಮೂರರಲ್ಲಿ ಎರಡು ಪಾಲಿನ ಬಹುಮತದಿಂದ ತೀರ್ಮಾನಿಸಿದರು. 1971ರಲ್ಲಿ ಅದೇ ಗಂಡಸರು ಬೇಕೆಂದರು. ಆದರೂ ಆಪೆನ್‌ಝೆಲ್ ಇನ್ನರ್‌ರೋಡನ್ ಎಂಬ ಪುಟ್ಟ ಪ್ರಾಂತದ ಗಂಡಸರು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಬಯಲಲ್ಲಿ ಸೇರಿ ಕೈಯೆತ್ತಿ, ತಮ್ಮ ಪ್ರಾಂತದ ವ್ಯವಹಾರದಲ್ಲಿ ಹೆಂಗಸರಿಗೆ ಮತ ಬೇಡವೆಂದು 1990ರಲ್ಲಿಯೂ ನಿರ್ಧರಿಸಿದರು. ಆ ವರ್ಷದ ನವೆಂಬರಿನಲ್ಲಿ ಒಕ್ಕೂಟದ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು ನಮಗೆ ಅತ್ಯಂತ ಮನನೀಯವಾದದ್ದು. ಅದು ಹೆಂಗಸರಿಗೆ ಹೊಸದೇನನ್ನೂ ಕೊಡಲಿಲ್ಲ. ಆ ಪ್ರಾಂತದ ಸಂವಿಧಾನದಲ್ಲಿ ನಾಡಿನ ಜನ ಎಂಬರ್ಥದ ಹಳೆಯ ಪದವೊಂದಿತ್ತು. ಹೆಂಗಸರೂ ಆ ಪದದೊಳಗೆ ಸೇರಿದವರೆಂದೇ ಅದನ್ನು ಓದಬೇಕೆಂದು ಹೇಳಿತು. ಪದ ಮೊದಲಿನಿಂದಲೂ ಅಲ್ಲೇ ಇತ್ತು. ಅದನ್ನು ಅರ್ಧ ಮಾತ್ರ ಓದಿದ್ದರು. ಕೈಯೆತ್ತಿ ಬೇಡವೆಂದವರು ತಮ್ಮದನ್ನು ಕೊಡಲು ನಿರಾಕರಿಸುತ್ತಿರಲಿಲ್ಲ, ಇನ್ನೊಬ್ಬರದನ್ನು ಹಿಡಿದಿಟ್ಟುಕೊಂಡಿದ್ದರು. ದಾನ ಕೊಟ್ಟವನು ದಾನವನ್ನು ನಿಲ್ಲಿಸಬಹುದು. ಒತ್ತೆಯಿಟ್ಟ ಒಡವೆಯನ್ನು ಮರಳಿಸಿದವನು ಮತ್ತೆ ಬಂದು ಕೇಳುವಂತಿಲ್ಲ.

ಪೋಲೆಂಡಿನ ಪರಂಪರೆಯೂ ಏಕಮುಖವಾದದ್ದಲ್ಲ. 1918ರ ನವೆಂಬರಿನಲ್ಲಿ ಆ ದೇಶ ಮತ್ತೆ ಹುಟ್ಟಿದ ಕೆಲವೇ ದಿನಗಳಲ್ಲಿ ಹೆಂಗಸರಿಗೆ ಮತದಾನದ ಹಕ್ಕು ದೊರೆಯಿತು, ಫ್ರಾನ್ಸಿಗಿಂತ ಇಪ್ಪತ್ತಾರು ವರ್ಷ ಮೊದಲು. ದೇಶವನ್ನು ಕಾದವಳು ದೇಶದ ಪ್ರಜೆಯೂ ಹೌದೆಂದು ಅಂದಿನವರು ಅದೇ ತಾಯಿಯ ಚರಿತ್ರೆಯಿಂದಲೇ ತಿಳಿದುಕೊಂಡಿದ್ದರು. ಪರಂಪರೆಯನ್ನು ಉಳಿಸಬೇಕೆನ್ನುವವರು ಅದರ ಯಾವ ಭಾಗವನ್ನು ಉಳಿಸುತ್ತಿದ್ದಾರೆಂದು ಕೇಳುವ ಅಧಿಕಾರ ಹೆಣ್ಣುಮಕ್ಕಳಿಗಿದೆ. ನಮ್ಮ ಮನೆಗಳಲ್ಲಿಯೂ ಇದೆ. ಕನ್ನಡ ಉಳಿಯಬೇಕೆಂದು ಮಗಳ ಮದುವೆಯ ಊರನ್ನೂ ಓದನ್ನೂ ನಾವು ನಿರ್ಧರಿಸಿ, ಮಗ ಪುಣೆಗೋ ಜರ್ಮನಿಗೋ ಹೋಗಿ ಮಕ್ಕಳೊಡನೆ ಇಂಗ್ಲಿಷ್ ಆಡಿದರೆ ಸುಮ್ಮನಿದ್ದರೆ, ಆ ಹುಡುಗಿ ನಮ್ಮನ್ನು ಏನು ಕೇಳಬಹುದು? ಅವಳು ಕೇಳುವ ಮೊದಲೇ ನಾವು ಕೇಳಿಕೊಳ್ಳುವುದು ಲೇಸು.

ಲಾಟ್ವಿಯನ್ ಭಾಷೆಯನ್ನಾಡುವವರ ಸಂಖ್ಯೆ ಇಪ್ಪತ್ತು ಲಕ್ಷವನ್ನೂ ಮುಟ್ಟುವುದಿಲ್ಲ. ಭಾಷೆ ಅಳಿದೀತೆಂಬ ಭಯವನ್ನು ಸೋವಿಯತ್ ಕಾಲದಲ್ಲಿ ಅವರು ಚೆನ್ನಾಗಿ ಉಂಡವರು. ಆ ದೇಶ 2023ರಲ್ಲಿ ಇಸ್ತಾಂಬುಲ್ ಒಡಂಬಡಿಕೆಯನ್ನು ಸ್ಥಿರೀಕರಿಸಿ, 2025ರ ಅಕ್ಟೋಬರ್ ಕೊನೆಯಲ್ಲಿ ಅದರಿಂದ ಹೊರಬರಲು ಸಂಸತ್ತಿನಲ್ಲಿ ಮತ ಹಾಕಿತು. ರೀಗಾ ನಗರದಲ್ಲಿ ಸಾವಿರಾರು ಜನ ಬೀದಿಗಿಳಿದರು. ಅಧ್ಯಕ್ಷರು ಆ ಮಸೂದೆಗೆ ಸಹಿ ಹಾಕದೆ ಮರುಪರಿಶೀಲನೆಗೆ ಹಿಂದಕ್ಕೆ ಕಳುಹಿಸಿದರು, ಸಂಸತ್ತು ಅದನ್ನು ಮುಂದಿನ ಚುನಾವಣೆಯ ನಂತರಕ್ಕೆ ಎತ್ತಿಟ್ಟಿತು. ತಮ್ಮ ಭಾಷೆಯನ್ನು ಮನೆಯಲ್ಲಿ ಕಾಪಾಡಿಕೊಂಡು ಬಂದ ಹೆಂಗಸರೂ ಆ ಚುನಾವಣೆಯಲ್ಲಿ ಮತದಾರರು.